ಮಾಂತು ಕೂಡಬೇಕು

ಐಸಿನ ಗಡ್ಡಿ ಇನ್ನೂ ದಪ್ಪ ಅದ, ಇಷ್ಟು ಚೂಪು ಚೂರು ಹೊಟ್ಟ್ಯಾಗ ಸುರುವಿದ್ರ ಲಿವರಿಗೆ ಚುಚ್ಚತಾವ ಅಂತ ಬಸವಲಿಂಗ ಬಟ್ಟಿ ಸುತ್ತಿದ ಸಲೈನಿನ ಗಡ್ಡಿ ಮ್ಯಾಲ ಮತ್ತೊಂದು ಪೆಟ್ಟು ಹಾಕಿದ, ಹನ್ನೆರಡು ವರ್ಷ ಆತು ಈ ಆಪರೇಶನ್ ಥೇಟರಿನ್ಯಾಗ ಆಳಾಗಿ, ಗಡಿಯಾರ ನೋಡಬಾರದು ಅಂದ್ರೂ ಕಣ್ಣು ಅಲ್ಲೇ ಹೋಗ್ತಾವ, ಒಂಬತ್ತೂ ಹತ್ತು, ಟೇಬಲ್ಲಿನ ಮ್ಯಾಲ ನಿಗಡಿ ಊರಾಗ ಪಾತ್ರೆ ಅಂಗಡಿ ಇಟ್ಟ ಗೂಳಪ್ಪನ ಮಗ ಮಾಂತು, ಮೂವತ್ತೊಂದು ವಯಸ್ಸು, ತಲಿಯಾಗಿನ ನರ ಒಡೆದು ಮೊನ್ನೆ ಬಚ್ಚಲದಾಗ ಬಿದ್ದಂವ, ಮಿದುಳು ಸತ್ತದ, ಎದಿ ಮಾತ್ರ ಮಷೀನಿನ ಗಾಳಿಗೆ ಏರತದ, ಇಳೀತದ, ಹಸಿರು ಬಟ್ಟಿ ಕೆಳಗ ಕಾಲು ಇನ್ನೂ ಬೆಚ್ಚಗ ಅವ — ಬೆಚ್ಚಗಿದ್ದಾಗಲೇ ಮಡಚಬೇಕು, ಆದ್ರ ಈಗ ಹೆಂಗ ಮಡಚೂದು, ಲಿವರ್ ತಗೊಳ್ಳಾಕ ಬೇರೆ ಆಸ್ಪತ್ರೆಯಿಂದ ಬಂದ ಡಾಕ್ಟರ್ರು ಈಗರ ಕೈ ತೊಳಕೊಳ್ಳಾಕತ್ತಾರ.

ಭಾರಿ ಶಾಣ್ಯಾ ನೀನು ಬಸವಲಿಂಗ, ಮಾತು ಕೊಟ್ಟು ಕುಂತಿ. ನಿನ್ನೆ ಮಧ್ಯಾಹ್ನ ನೀಲಿಮಾ ಮೇಡಂ ಕರೆದ್ರು, ಅಂಗದಾನಕ್ಕ ಮನಿಯವರನ್ನ ಒಪ್ಪಿಸೂ ಕೆಲಸ ಅವರದು, ನಮ್ಮ ಮರಾಠಿಗೆ ತಾಯಿ ಬಾಯಿ ಬಿಡವಲ್ಲಳು, ನಿಮ್ಮ ಕನ್ನಡದಾಗ ಕೇಳ್ರಿ ಅಂದ್ರು, ಕೇಳಿದ್ರ ಆ ಕಾಶವ್ವ ಲಿವರ್ ಅನ್ನಲಿಲ್ಲ, ಕಿಡ್ನಿ ಅನ್ನಲಿಲ್ಲ, ಎಲ್ಲಾ ತಗೊಂಡ ಮ್ಯಾಲ ನನ್ನ ಮಗ ಕೂಡತಾನೇನ್ರಿ, ಇಷ್ಟೇ. ಡಾಕ್ಟರ್ರಿಗೆ ತಿಳೀಲಿಲ್ಲ, ಬಸವಲಿಂಗಗ ತಿಳೀತು, ಕಾಶವ್ವನ ಮನಿಯವರೂ ತಮ್ಮಂಗ ಲಿಂಗವಂತರು, ಹೆಣ ಸುಡೂದಿಲ್ಲ, ಪದ್ಮಾಸನ ಹಾಕಿಸಿ, ಅಂಗೈಯಾಗ ಲಿಂಗ ಇಟ್ಟು, ಕೂಡಿಸಿ ಮಣ್ಣು ಕೊಡೂದು, ಸೆಟೆದ ಹೆಣ ಹೆಂಗ ಕೂಡತದ. ಕೂಡತಾನ್ರಿ ಅವ್ವಾ, ನಾ ಕೂಡಸ್ತೀನಿ, ಅಂದುಬಿಟ್ಟ. ಆವಾಗ ಆಕಿ ಗೂಳಪ್ಪನ ಕಡೆ ನೋಡಿದಳು, ಆತ ಸಹಿ ಮಾಡಿದ.

ಗರಗಸ ಎದಿ ಎಲುಬಿಗೆ ಹತ್ತಿತು — ಕಟಕ್, ಆ ಸಪ್ಪಳ ಬ್ಯಾಡ, ತನ್ನ ಅಪ್ಪನ ಮೊಣಕಾಲು, ನಾಕು ವರ್ಷದ ಹಿಂದ ಅಪ್ಪ ಸತ್ತಾಗ, ಬಿಲ್ಲು, ಕಾಗದ, ಸಹಿ ಅಂತ ಆಸ್ಪತ್ರ್ಯಾಗ ಒಂಬತ್ತು ತಾಸು, ಮನಿಗೆ ತರೂದ್ರಾಗ ಕಟ್ಟಿಗಿ ಆಗಿದ್ದ, ಕೂಡಸಾಕ ಕಾಕಾ ಒತ್ತಿದ, ಕಟಕ್ ಅಂತು, ಅವ್ವ ಸೆರಗು ಬಾಯಾಗ ತುರುಕಿಕೊಂಡಳು. ಹತ್ತೂ ಇಪ್ಪತ್ತೈದು, ದೊಡ್ಡ ರಕ್ತನಾಳಕ್ಕ ಕ್ಲ್ಯಾಂಪ್ ಹಾಕಿದ್ರು, ಗಾಳಿ ಮಷೀನು ಬಂದ್, ಲಿವರ್ ತಣ್ಣಗಾಗಲಿ, ಐಸ್ ಸುರುವು ಬಸವಲಿಂಗ, ಸುರುವಿದ, ಇನ್ನ ಈ ಕ್ಷಣದಿಂದ ಕಾಲು ಸೆಟಿಯೂ ಲೆಕ್ಕ. ಬಟ್ಟಿ ಕೆಳಗ ಕೈ ಹಾಕಿ ಎಡಗಾಲು ಹಿಡಿದ್ರ ಏ, ಟೇಬಲ್ ಹಲವೂ ನಕೋ, ಅಲ್ಲಾಡಸಬ್ಯಾಡ ಅಂತ ದೊಡ್ಡ ಡಾಕ್ಟರ್ರು ಮರಾಠಿಯಾಗ ಬೈದ್ರು, ಅವರದೂ ತಪ್ಪಿಲ್ಲ, ಕೈಯಾಗ ಯಾರದೋ ಜೀವ ಹಿಡಿದಾರ. ಲಿವರ್ ಡಬ್ಬಿಗೆ ಹೋತು, ಕಿಡ್ನಿ ಎರಡು ಹೋದವು, ಹೃದಯ ಯಾರಿಗೂ ಹೊಂದಲಿಲ್ಲ, ಅದು ಅಲ್ಲೇ ಉಳೀತು, ಅಷ್ಟರ ಉಳೀತಲ್ಲ ಆ ತಾಯಿಗೆ. ಕಣ್ಣು ತಗೊಳ್ಳೂವವರು ಬಂದ್ರು, ಸಾವಕಾಶ, ಎಷ್ಟು ಸಾವಕಾಶ, ಆಮ್ಯಾಲ ಹೊಲಿಯೂ ಸಣ್ಣ ಡಾಕ್ಟರು, ಚಂದ ಹೊಲೀತೀನಿ ಅಂತಾನ, ಚಂದ ಯಾರಿಗೆ ಬೇಕಪಾ, ಲಗೂ ಮುಗಸು. ಹೆಣ ಕೆಳಗ ಹೋತಂದ್ರ ಐಸ್‌ರೂಮು, ಅಲ್ಲಿ ಮತ್ತ ಕಾಗದ, ಮತ್ತ ಸಹಿ.

ಹನ್ನೆರಡೂ ಐವತ್ತು. ಎಲ್ಲಾರೂ ಹೋದ್ರು. ಐಸು ಕರಗಿ ನೆಲದ ಮ್ಯಾಲ ಹರದದ, ಬಸವಲಿಂಗ ಕೈಗವಸು ತಗದ, ಬರೇ ಕೈಯಿಂದ ಎಡ ಮೊಣಕಾಲಿನ ಕೆಳಗ ಹಿಡಿದ, ತಣ್ಣಗ ಅದ, ಶಿವನೇ, ತಣ್ಣಗ ಅದ, ಮೆಲ್ಲಕ ಎತ್ತಿದ, ಇನ್ನೊಂದೀಟು, ಮಡಚಿತು, ಮಲಗಿದ ಕೂಸಿನ ಕಾಲಿನಂಗ ಮಡಚಿತು, ಬಲಗಾಲೂ ಬಂತು, ಬ್ಯಾಂಡೇಜು ಸುತ್ತಿ ಎರಡೂ ಪಾದ ತೊಡಿ ಮ್ಯಾಲ ಕಟ್ಟಿದ, ಮಾಂತು ಕೂಡತಾನ್ರಿ ಅವ್ವಾ, ಸಪ್ಪಳ ಸೈತ ಆಗಲಿಲ್ಲ, ಹೊರಗ ಹೋಗಿ ಹೇಳಬೇಕು, ಹೋಗು, ಆದ್ರ ಕೈ ಬಿಡವಲ್ದು, ಮೊಣಕಾಲಿನ ಮ್ಯಾಲ ಒತ್ತಿ ಕುಂತದ, ಆವತ್ತೂ ಹಿಂಗೇ, ಕಾಕಾ ಅಲ್ಲ, ಕಾಕಾ ಮಾರಿ ತಿರುವಿ ನಿಂತಿದ್ದ, ಒತ್ತಿದ್ದು ಇದೇ ಕೈ, ಅಪ್ಪನ ಮೊಣಕಾಲು, ಇದೇ ಅಂಗೈ ಕೆಳಗ, ಕಟಕ್ —