ಟೈಲರ್ ಕಾಲು

ಕಾಲೂರಿದ, ಊರಿಯೇಬಿಟ್ಟ, ಪಾಪ, ಕೊನೇ ತಿರುವಿನಲ್ಲಿ ಬಲಗಾಲು ನೆಲಕ್ಕೆ ತಾಗಿತು, ಇನ್‌ಸ್ಪೆಕ್ಟರ್ ಪೀಪಿ ಊದಿದರು, ಪಕ್ಕಕ್ಕೆ ಹೋಗು ಅಂತ ಕೈಸನ್ನೆ, ಮುಗಿಯಿತು ನೀಲಿ ಅಂಗಿಯವನ ಕಥೆ, ಬೆಳಗ್ಗೆಯಿಂದ ಲೈಸೆನ್ಸ್ ಟೆಸ್ಟಿನ ಸಾಲಿನಲ್ಲಿದ್ದವರಿಗೆಲ್ಲ ಪುಕ್ಕಟೆ ಪಾಠ ಹೇಳುತ್ತಿದ್ದ, ಈಗ ಬೈಕು ತಳ್ಳಿಕೊಂಡು ಹೋಗುತ್ತಾ ಟೈರಿಗೆ ಬೈಯುತ್ತಿದ್ದಾನೆ — ಇನ್ನು ನನ್ನ ಮುಂದೆ ಮೂವರು. ನೆಲದ ಮೇಲೆ ಸುಣ್ಣದಲ್ಲಿ ಎಳೆದ ಎರಡು ಸುತ್ತು, ಒಂದಕ್ಕೊಂದು ಅಂಟಿಕೊಂಡಿವೆ, ಎಲ್ಲರೂ ಅದನ್ನು ಎಂಟು ಅನ್ನುತ್ತಾರೆ, ಕಾಲೂರದೆ ಅದನ್ನು ಸುತ್ತಬೇಕು, ಆಮೇಲೆ ನೇರ ಬಂದು, ಪೀಪಿ ಊದಿದ ತಕ್ಷಣ ಬಿಳಿ ಗೆರೆಯ ಒಳಗೆ ನಿಲ್ಲಿಸಬೇಕು, ಇಷ್ಟೇ, ಇಷ್ಟಕ್ಕೆ ನನ್ನ ಬಾಯಿ ಒಣಗಿ ಹೋಗಿದೆ. ಹೋದ ತಿಂಗಳು ಎಂಟನ್ನು ಚೆನ್ನಾಗಿಯೇ ಸುತ್ತಿದ್ದೆ, ನಿಲ್ಲಿಸುವುದೊಂದು ಆಗಲಿಲ್ಲ, ಗೆರೆ ದಾಟಿ, ಇನ್‌ಸ್ಪೆಕ್ಟರರ ಮೇಜಿಗೆ ಗುದ್ದಿ, ಲೋಟದ ಟೀ ಅವರ ಪ್ಯಾಂಟಿನ ಮೇಲೆ, ಮೈದಾನಕ್ಕೆ ಮೈದಾನವೇ ನಕ್ಕಿತು. ಏನಮ್ಮಾ, ಬ್ರೇಕ್ ಎಲ್ಲಿದೆ ಅಂತ ಗೊತ್ತಾ ನಿಮಗೆ, ಗೊತ್ತು ಸಾರ್, ಗೊತ್ತಿದ್ರೆ ಒತ್ತೋಕೇನು ದಾಡಿ, ಟೈಲರ್ ಕಾಲು ಸಾರ್ — ನಾನೇ ಅಂದೆ, ಹಲ್ಲು ಕಿರಿಯುತ್ತಾ, ನನ್ನ ಮಾನ ನಾನೇ ಕಳೆದುಕೊಂಡರೆ ಬೇರೆಯವರಿಗೆ ಕಳೆಯಲು ಉಳಿಯುವುದಿಲ್ಲವಲ್ಲ ಅಂತ. ಸುಳ್ಳಲ್ಲ ಅದು, ಹತ್ತೊಂಬತ್ತು ವರ್ಷ ಗಾರ್ಮೆಂಟ್ಸಿನ ಪವರ್ ಮೆಷಿನ್ ಓಡಿಸಿದ ಕಾಲು, ಮುಂಗಾಲು ಒತ್ತಿದರೆ ಮೆಷಿನ್ ಓಡುತ್ತದೆ, ಹಿಮ್ಮಡಿ ಒತ್ತಿದರೆ ನಿಂತು ದಾರ ಕತ್ತರಿಸುತ್ತದೆ, ಕಾಲರ್ ಇಡು, ಓಡಿಸು, ಮೂಲೆ ತಿರುಗಿಸು, ಹಿಮ್ಮಡಿ, ದಿನಕ್ಕೆ ಸಾವಿರ ಸಲ, ಬೈಕಿನಲ್ಲಿ ಎಲ್ಲ ಉಲ್ಟಾ, ನಿಲ್ಲಿಸಲು ಮುಂಗಾಲು ಒತ್ತಬೇಕು, ಗಾಬರಿಯಾದರೆ ನನಗೆ ಹಿಮ್ಮಡಿಯೇ ಇಳಿಯುತ್ತದೆ, ಮುಂಗಾಲು ತಾನಾಗಿ ಮೇಲೇಳುತ್ತದೆ — ಇಳಿಯುತ್ತಿತ್ತು, ಮೊದಲ ಎರಡು ವಾರ — ಅದನ್ನು ಈಗ ಯೋಚಿಸಬಾರದು, ಎಂಟನ್ನು ನೋಡು, ಎಂಟನ್ನು. ಸಂಜೆ ಐದರೊಳಗೆ ಪಾಸಾದ ಚೀಟಿ ತೋರಿಸಿದರೆ ಹೊಸ ಯೂನಿಟ್ಟಿನಲ್ಲಿ ನಾನು ಸೂಪರ್‌ವೈಸರ್, ಇಲ್ಲದಿದ್ದರೆ ಆ ಜಾಗ ಗುಂಡಿ ಸೆಕ್ಷನ್ನಿನವಳಿಗೆ, ಮ್ಯಾನೇಜರ್ ಮುಚ್ಚುಮರೆ ಮಾಡಲಿಲ್ಲ, ಹದಿನೆಂಟು ಕಿಲೋಮೀಟರ್ ಇದೆ, ಬಸ್ಸಿಲ್ಲ, ಏಳೂವರೆಗೆ ಗೇಟಲ್ಲಿರಬೇಕು, ಗಾಡಿ ಬರುತ್ತಾ ನಿಮಗೆ, ಬರುತ್ತೆ ಸಾರ್, ಅಂದುಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಯಾರೋ ನನ್ನನ್ನು ಮೆಷಿನ್ ಬಿಟ್ಟು ಎದ್ದೇಳಿ ಅಂದಿದ್ದು.

ಹೆಲ್ಮೆಟ್ಟಿನೊಳಗೆ ಇವರ ತಲೆಯೆಣ್ಣೆಯ ವಾಸನೆ, ಮದುವೆಯಾದಾಗಿನಿಂದ ಇದರ ಹಿಂಭಾಗವನ್ನಷ್ಟೇ ನೋಡಿದವಳು ನಾನು, ಇವರ ಬೆನ್ನಿನಾಚೆ ರಸ್ತೆ ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ, ಕೀ ಕೇಳಿದರೆ ಎಲ್ಲಿಗೆ, ಕರೆದುಕೊಂಡು ಹೋಗೋಕೆ ನಾನಿಲ್ವಾ, ಅನ್ನುತ್ತಿದ್ದರು, ಅದನ್ನು ಪ್ರೀತಿ ಅಂದುಕೊಂಡಿದ್ದೆ, ಪ್ರೀತಿಯೂ ಇತ್ತೇನೋ. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಕೆಲಸ ಇವರದು, ಬೀದಿಬೀದಿಯ ನಾಯಿಗೂ ಇವರ ಬೈಕಿನ ಸದ್ದು ಗೊತ್ತು, ಸಕ್ಕರೆ ಕಾಯಿಲೆ ಬಂತು, ಕಣ್ಣು ಮಂಜಾಯಿತು, ಒಂದು ಮನೆಯಲ್ಲಿ ಮೂರನ್ನು ಎಂಟು ಅಂತ ಬರೆದುಕೊಂಡು ಬಂದರು, ಆಫೀಸಿನವರು ಫೋನ್ ಎತ್ತುವ ಕುರ್ಚಿಯಲ್ಲಿ ಕೂರಿಸಿದರು, ಇನ್ನು ಗಾಡಿ ಮುಟ್ಟಬೇಡಿ ಅಂದರು ಡಾಕ್ಟರ್. ಅವತ್ತು ಊಟ ಬಿಟ್ಟರು. ನನಗೂ ಸಂಕಟವಾಯಿತು, ನಿಜವಾಗಿ ಆಯಿತು. ಕಲಿಸ್ತೀರಾ ಅಂದಾಗ, ಅಷ್ಟು ದೂರ ಹೋಗಿ ಏನು ಕಡಿದು ಗುಡ್ಡೆ ಹಾಕಬೇಕು ನೀನು, ಅಂದರು, ಆಮೇಲೆ, ಸರಿ ಭಾನುವಾರ ನೋಡೋಣ, ಅಂದರು. ಎಂಟು ಭಾನುವಾರ, ಶಾಲೆಯ ಮೈದಾನ, ಹಿಂದೆ ಕೂತು ನನ್ನ ಎರಡೂ ಭುಜ ಹಿಡಿದು, ಕ್ಲಚ್ ಬಿಡು, ಮೆಲ್ಲಗೆ, ಏ ಮೆಲ್ಲಗೆ ಅಂದ್ರೆ ಗೊತ್ತಾಗಲ್ವಾ, ಮುಂದಿನ ಬ್ರೇಕ್ ಮುಟ್ಟಲೇಬೇಡ, ಮುಗ್ಗರಿಸ್ತೀಯ, ಕಾಲಲ್ಲಿ ಒತ್ತು, ಒತ್ತು, ಇನ್ನೂ ಒತ್ತು — ಒತ್ತುತ್ತಿದ್ದೆ, ಪೆಡಲ್ ಪಾತಾಳಕ್ಕೆ ಹೋಗುತ್ತಿತ್ತು, ಬೈಕು ನಿಲ್ಲುತ್ತಿರಲಿಲ್ಲ, ಇವರು ಹಿಂದಿನಿಂದ, ನೋಡು ಮತ್ತೆ ಹಿಮ್ಮಡಿ ಒತ್ತಿದೆ, ಇಲ್ಲಾರೀ ಮುಂಗಾಲೇ ಒತ್ತಿದ್ದು, ನಿನಗೆ ಹೇಗೆ ಗೊತ್ತಾಗುತ್ತೆ, ಗಾಬರೀಲಿ ನಿನ್ನ ಕಾಲು ನಿನ್ನ ಮಾತು ಕೇಳುತ್ತಾ. ನಂಬಿದೆ. ನನ್ನ ಕಾಲಿಗಿಂತ ಹೆಚ್ಚಾಗಿ ಇವರ ಮಾತನ್ನು ನಂಬಿದೆ. ಶಾಲೆಯ ಕಾಂಪೌಂಡ್ ಗೋಡೆಗೆ ಹೋಗಿ ಗುದ್ದಿದೆವು, ಇಬ್ಬರೂ ಬಿದ್ದೆವು, ನನ್ನ ಮಂಡಿ ಒಡೆಯಿತು, ಇವರ ಮೊಣಕೈ ತರಚಿತು, ನನ್ನ ಮಂಡಿಯನ್ನು ಹಾಗೇ ಬಿಟ್ಟು ಇವರ ಮೊಣಕೈಗೆ ಮುಲಾಮು ಹಚ್ಚಿದೆ. ನಾದಿನಿ ಬಂದವಳು ಬಿದ್ದು ಬಿದ್ದು ನಕ್ಕಳು, ಅತ್ತಿಗೆ, ಗೋಡೆಗೆ ಕಾಲರ್ ಹೊಲಿಯೋಕೆ ಹೋಗಿದ್ರಾ. ನಾನೂ ನಕ್ಕೆ. ನಕ್ಕು ಕಾಲನ್ನು ತಿದ್ದಲು ಕೂತೆ, ಬಲಗಾಲ ಹೆಬ್ಬೆರಳಿಗೆ ಗುರುತಿಗೆ ಕೆಂಪು ಪಟ್ಟಿ ಸುತ್ತಿಕೊಂಡೆ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ನೆಲದ ಮೇಲೊಂದು ಮುಚ್ಚಳ ಇಟ್ಟುಕೊಂಡು, ನಿಲ್ಲು ಅಂದರೆ ಮುಂಗಾಲು, ನಿಲ್ಲು ಅಂದರೆ ಮುಂಗಾಲು, ಮುಚ್ಚಳ ಟಕ್ ಟಕ್ ಅನ್ನುತ್ತಿತ್ತು, ಏನದು ಸದ್ದು ಅನ್ನುತ್ತಿದ್ದರು ಇವರು, ಒಳಗಿನಿಂದ, ನಿಮ್ಮ ಹೆಂಡತಿ ಪಾಸಾಗುವ ಸದ್ದು ಅನ್ನುತ್ತಿದ್ದೆ. ಕಾಲು ಕಲಿತುಬಿಟ್ಟಿತು. ಎಷ್ಟು ಚೆನ್ನಾಗಿ ಕಲಿಯಿತೆಂದರೆ ಹೋದ ಬುಧವಾರ ಮೆಷಿನ್ ನಿಲ್ಲಿಸಬೇಕಾದ ಕಡೆ ಮುಂಗಾಲು ಒತ್ತಿತು, ಮೆಷಿನ್ ಓಡಿತು, ಸೂಜಿ ಎಡಗೈ ತೋರುಬೆರಳಿನ ಉಗುರಿನೊಳಗಿಂದ ಇಳಿದು ಆಚೆ ಬಂತು, ಬಿಳಿ ಕಾಲರ್ ಮೇಲೆ ರಕ್ತ, ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲವೂ ಸೂಜಿ ಚುಚ್ಚಿಸಿಕೊಂಡವಳಲ್ಲ ನಾನು. ಪಕ್ಕದ ಮೆಷಿನ್ನಿನವಳು ಬಾಯಿ ಮುಚ್ಚಿಕೊಂಡಳು, ಏನಕ್ಕಾ, ನಿನ್ನ ಕಾಲಿಗೆ ಏನಾಯ್ತು.

ಮೂವತ್ತೊಂಬತ್ತು ಅಂತ ಕೂಗಿದರು, ಕನ್ನಡಕದ ಹುಡುಗಿ ಹೊರಟಳು, ನನ್ನದು ನಲವತ್ತೊಂದು. ಕ್ಲಚ್ ಹಿಡಿದರೆ ಉಗುರು ಈಗಲೂ ಜಿವ್ವೆನ್ನುತ್ತದೆ. ಕಾಲಿಗೆ ಏನೂ ಆಗಿರಲಿಲ್ಲ, ಆಗಿರಲೇ ಇಲ್ಲ — ಬೇಡ ಅಂದರೂ ಬರುತ್ತದೆ, ಬರಲಿ, ಎಷ್ಟು ಹೊತ್ತು ತಡೆಯಲಿ. ಇವತ್ತು ಬೆಳಗ್ಗೆ, ಈ ಗೇಟಿನ ಎದುರಿಗಿರುವ ಪಂಕ್ಚರ್ ಅಂಗಡಿ, ತಳ್ಳಿಕೊಂಡು ಬಂದ ಬೈಕನ್ನು ಗಾಳಿ ಕಡಿಮೆಯಿದೆ ಅಂತ ನಿಲ್ಲಿಸಿದೆ, ಇವರು ಮುಖ ತೊಳೆಯಲು ನಲ್ಲಿಯ ಕಡೆ ಹೋದರು, ಅಂಗಡಿಯ ಮುದುಕ ಗಾಳಿ ತುಂಬಿಸಿ ಸುಮ್ಮನೆ ಅಭ್ಯಾಸಬಲದಿಂದ ಬ್ರೇಕ್ ಪೆಡಲ್ ಅದುಮಿದ, ಅದುಮಿ ನನ್ನ ಮುಖ ನೋಡಿದ, ಅಕ್ಕಾ, ಇದರಲ್ಲಿ ಬ್ರೇಕೇ ಇಲ್ವಲ್ಲಾ. ಹಿಂದಿನ ಚಕ್ರದ ಪಕ್ಕ ಒಂದು ಕಂಬಿ, ಕಂಬಿಯ ತುದಿಗೆ ಒಂದು ನಟ್ಟು, ನಟ್ಟನ್ನು ಬಿಗಿದರೆ ಬ್ರೇಕ್ ಹಿಡಿಯುತ್ತದೆ, ಬಿಚ್ಚಿದರೆ ಎಷ್ಟು ಒತ್ತಿದರೂ ಇಲ್ಲ, ನೋಡಿ, ತುದೀಗೆ ಬಂದು ನಿಂತಿದೆ. ತಾನಾಗಿ ಸಡಿಲ ಆಗಲ್ವಾ ಅಂದೆ, ಆಗುತ್ತೆ ಅಕ್ಕಾ, ಅರ್ಧ ಸುತ್ತು, ಹೆಚ್ಚಂದ್ರೆ ಒಂದು ಸುತ್ತು, ಇದು ಹಾಗಲ್ಲ, ಸ್ಪ್ಯಾನರ್ ಹಾಕಿದ ಹೊಸಾ ಗೀರಿದೆ, ಯಾರ ಕೈಗೆ ಕೊಟ್ಟಿದ್ರಿ ಗಾಡೀನ. ಯಾರ ಕೈಗೆ. ಶನಿವಾರ ಸಂಜೆ, ಪ್ರತಿ ಶನಿವಾರ, ಅಂಗಳದಲ್ಲಿ ಬೈಕಿನ ಪಕ್ಕ ಸ್ಪ್ಯಾನರ್ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತು, ನಾಳೆ ನಿನಗೆ ಕಲಿಸಬೇಕಲ್ಲ, ಎಲ್ಲ ಸರಿ ಇದೆಯಾ ನೋಡ್ತೀನಿ, ಕಣ್ಣು ಕಾಣದಿದ್ರೇನು, ಕೈಗೆ ಗೊತ್ತು, ಅನ್ನುತ್ತಿದ್ದರು, ತಡವಿ ತಡವಿ ಚೈನು, ತಡವಿ ಚಕ್ರ, ತಡವಿ ಕಂಬಿ, ಆ ಹೆಬ್ಬೆರಳು, ಆ ತೋರುಬೆರಳು, ಗ್ರೀಸ್ ಮೆತ್ತಿದ ಎರಡು ಬೆರಳು ಚಿಕ್ಕದೊಂದನ್ನು ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದವು, ನಾನು ಟೀ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ, ನೋಡುತ್ತಾ, ನನಗೋಸ್ಕರ ಎಷ್ಟು ಪಾಡು ಪಡುತ್ತಾರಲ್ಲ ಅಂತ. ಮುದುಕ ಎರಡು ನಿಮಿಷದಲ್ಲಿ ಬಿಗಿದುಕೊಟ್ಟ. ಇವರು ಮುಖ ಒರೆಸಿಕೊಳ್ಳುತ್ತಾ ಬಂದರು, ಗಾಳಿ ತುಂಬೋಕೆ ಇಷ್ಟೊತ್ತಾ, ಅಂದರು, ಹೌದು ರೀ, ಅಂದೆ, ಬೈಕನ್ನು ತಳ್ಳಿಕೊಂಡೇ ಗೇಟಿನೊಳಗೆ ಬಂದೆ. ಸಾಯಲಿ ಅಂತಲ್ಲ, ಅದು ನನಗೂ ಗೊತ್ತು, ಅಷ್ಟು ಕೆಟ್ಟವರಲ್ಲ, ತಾವೂ ಹಿಂದೆ ಕೂರುತ್ತಿದ್ದರಲ್ಲ, ತಾವೂ ಬಿದ್ದರಲ್ಲ, ನಾನು ಸೋತರೆ ಸಾಕಿತ್ತು, ಮೊಣಕೈ ಹೋದರೂ ಪರವಾಗಿಲ್ಲ ನಾನು ಸೋಲಬೇಕಿತ್ತು, ಸೋತು ಇದು ನನ್ನ ಕೈಲಾಗದು ಅಂತ ನಾನೇ ಹೇಳಬೇಕಿತ್ತು. ಟೈಲರ್ ಕಾಲು ಅನ್ನುವ ಸಬೂಬನ್ನು ಇವರ ಕೈಗೆ ಕೊಟ್ಟವಳೂ ನಾನೇ, ಮೊದಲನೇ ಭಾನುವಾರ, ನಗುತ್ತಾ. ತಗೊಂಡ. ಇವನು ತಗೊಂಡ.

ನಲವತ್ತೊಂದು. ಕ್ಲಚ್, ಗೇರ್, ಮೆಲ್ಲಗೆ, ಎಡಕ್ಕೆ ವಾಲಬೇಕು, ದೃಷ್ಟಿ ದೂರ ಇರಬೇಕು, ನೆಲ ನೋಡಿದರೆ ನೆಲಕ್ಕೇ ಹೋಗುತ್ತೀಯ — ಇದನ್ನೂ ಕಲಿಸಿದ್ದು ಇವರೇ, ಸರಿಯಾಗಿಯೇ ಕಲಿಸಿದ್ದಾರೆ, ಎಲ್ಲವನ್ನೂ ಸರಿಯಾಗಿ ಕಲಿಸಿ ಒಂದನ್ನು ಬಿಚ್ಚಿಟ್ಟಿದ್ದಾರೆ, ಮೊದಲ ಸುತ್ತು ಆಯಿತು, ನಡುವೆ ದಾಟಿದೆ, ಈಗ ಬಲಕ್ಕೆ, ನೀಲಿ ಅಂಗಿಯವನು ಕಾಲೂರಿದ ಜಾಗ, ಹ್ಯಾಂಡಲ್ ನಡುಗುತ್ತಿದೆ, ನಡುಗಲಿ, ಸ್ವಲ್ಪ ಎಕ್ಸಿಲರೇಟರ್, ಬಂತು, ನೇರ ದಾರಿ, ಎದುರಿಗೆ ಮೇಜು, ಇನ್‌ಸ್ಪೆಕ್ಟರ್ ಲೋಟವನ್ನು ಕೈಯಲ್ಲೆತ್ತಿಕೊಂಡರು, ಸಾಲಿನವರು ನಗಲು ತಯಾರಾದರು, ಪೀಪಿ — ಮುಂಗಾಲು ಒತ್ತಿತು, ಒತ್ತಿದಲ್ಲೇ ಗಟ್ಟಿಯಾಗಿ ಸಿಕ್ಕಿತು, ಪಾತಾಳವಿಲ್ಲ, ಪಾದದ ಕೆಳಗೆ ಚಕ್ರ ಹಿಡಿದದ್ದು ಮಂಡಿಯವರೆಗೆ ತಿಳಿಯಿತು, ನಿಂತೆ, ಗೆರೆಗೆ ಇನ್ನೂ ಒಂದು ಗೇಣು ಇರುವಾಗಲೇ ನಿಂತೆ. ಅಬ್ಬಾ, ಕಾಲು ರಿಪೇರಿ ಮಾಡಿಸಿಕೊಂಡ್ರಾ ಅಮ್ಮಾ, ಅಂದರು ಇನ್‌ಸ್ಪೆಕ್ಟರ್. ಕಾಲು ಸರಿಯಾಗೇ ಇತ್ತು ಸಾರ್, ಅಂದೆ, ಅವರಿಗೆ ಅರ್ಥವಾಗಲಿಲ್ಲ, ಪಾಸ್ ಅಂತ ಬರೆದು ಮೊಹರು ಒತ್ತಿ ಚೀಟಿ ಕೊಟ್ಟರು. ಎಷ್ಟು ಸಲ ಈ ಚೀಟಿಯನ್ನು ಕನಸಿನಲ್ಲಿ ಕಂಡಿದ್ದೆ, ಅಳುತ್ತೇನೆ ಅಂದುಕೊಂಡಿದ್ದೆ, ಕುಣಿಯುತ್ತೇನೆ ಅಂದುಕೊಂಡಿದ್ದೆ, ಈಗ ಕೈಯಲ್ಲಿದೆ, ಬರೀ ಕಾಗದ, ಮಡಿಸಿ ಪರ್ಸಿಗೆ ಹಾಕಿದೆ.

ಗೇಟಿನ ಹತ್ತಿರ ಕಲ್ಲುಬೆಂಚಿನ ಮೇಲೆ ಕೂತಿದ್ದಾರೆ, ಬೈಕಿನ ಸದ್ದು ಹಿಡಿದು ಮುಖ ಈ ಕಡೆ ತಿರುಗಿಸಿದರು, ಕಣ್ಣು ಮಾತ್ರ ನನ್ನ ಪಕ್ಕದ ಗೋಡೆಯ ಮೇಲೆ, ಏನಾಯ್ತೇ, ಮತ್ತೆ ಮೇಜಿಗೆ ಗುದ್ದಿದ್ಯಾ, ಹೋಗಲಿ ಬಿಡು, ಬೇಜಾರು ಮಾಡ್ಕೋಬೇಡ, ಎಲ್ಲರಿಗೂ ಎಲ್ಲಾ ಬರಲೇಬೇಕು ಅಂತಿದೆಯಾ, ದನಿಯಲ್ಲಿ ಎಷ್ಟು ಅಕ್ಕರೆ, ಸಮಾಧಾನ ಎಲ್ಲ ಮೊದಲೇ ಕಟ್ಟಿಟ್ಟುಕೊಂಡು ಕೂತಿದ್ದಾರೆ. ಪಾಸಾಯ್ತು, ಅಂದೆ. ಬ್ರೇಕ್ ಹಿಡೀತು ರೀ, ಅಂದೆ. ಯಾರು ಬಿಗಿದರು ಅಂತ ಕೇಳಲಾರರು, ಕೇಳಿದರೆ ಬಿಚ್ಚಿದ್ದು ಗೊತ್ತಿತ್ತು ಅಂತಾಗುತ್ತದೆ, ಒಳ್ಳೇದಾಯ್ತು ಅಂದರು ಕೊನೆಗೆ, ಒಳ್ಳೇದಾಯ್ತು. ಕೂಗಾಡಬೇಕು, ಇಲ್ಲೇ, ಎಲ್ಲರೆದುರಿಗೆ, ನನ್ನ ಉಗುರು ನೋಡಿ ಅಂತ ಆ ಕಾಣದ ಕಣ್ಣಿಗೆ ಹಿಡಿಯಬೇಕು, ಬಾಯಿಗೆ ಬಂದದ್ದು ಇಷ್ಟೇ, ಹತ್ತಿ, ಆಫೀಸಿಗೆ ಹೊತ್ತಾಯ್ತು ನಿಮಗೆ. ಸೀಟು ತಡವಿ ಹತ್ತಿ ಕೂತರು, ಭುಜದ ಮೇಲೆ ಕೈ ಬರಲಿಲ್ಲ, ಕನ್ನಡಿಯಲ್ಲಿ ನೋಡಿದೆ, ಕೈಗಳು ತೊಡೆಯ ಮೇಲಿವೆ, ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿದೆ, ಗ್ರೀಸ್ ಒರೆಸುವ ಹಾಗೆ, ಗ್ರೀಸ್ ಇಲ್ಲ. ನಾಳೆಯಿಂದ ಹದಿನೆಂಟು ಕಿಲೋಮೀಟರ್, ದಿನಾ ಹೊರಡುವ ಮೊದಲು ಬಗ್ಗಿ ಆ ನಟ್ಟನ್ನು ನೋಡುತ್ತೇನೆ, ಮನೆಯೊಳಗೆ ಇವರಿರುವಷ್ಟು ದಿನವೂ ನೋಡುತ್ತೇನೆ, ಹೀಗೂ ಬದುಕುತ್ತಾರೇನೋ ಜನ, ಹಿಡ್ಕೊಳ್ಳಿ, ಬೀಳ್ತೀರಿ, ಅಂದೆ, ಬೆರಳು ಮೇಲೆದ್ದವು, ಗಾಳಿಯಲ್ಲಿ ತಡವಿದವು, ಬೆನ್ನು, ತೋಳು, ಆಮೇಲೆ ಭುಜ, ಸಿಕ್ಕಿತು, ಹಿಡಿದವು, ಗೇರ್ ಹಾಕಬೇಕು, ಕ್ಲಚ್ ಬಿಡಬೇಕು, ದಾರಿ ಖಾಲಿಯಿದೆ, ಆ ಹೆಬ್ಬೆರಳು, ಆ ತೋರುಬೆರಳು, ಕ್ಲಚ್ ಬಿಡಬೇಕು, ಹಿಂದಿನ ಗಾಡಿಯವನು ಹಾರನ್ ಹೊಡೆಯುತ್ತಿದ್ದಾನೆ, ಕ್ಲಚ್ — ಆ ಹೆಬ್ಬೆರಳು, ಆ ತೋರುಬೆರಳು, ಮೆಲ್ಲಗೆ, ತಿರುಗಿಸುತ್ತಾ.