ನಾಲ್ಕನೇ ಜ್ವರದ ನೆಪ

ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಬೆಳೆಯುವ ಮನೆಗಳಲ್ಲಿ ಒಂದು ಕಟ್ಟುಪಾಡು ಇದೆ. ಹುಳು ಮೇಯುತ್ತಿರುವಾಗ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಅದರಲ್ಲೂ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಕೂತು ಪೊರೆ ಕಳಚುವ ಹೊತ್ತು ಬಂತೆಂದರೆ ಕೇಳುವುದೇ ಬೇಡ. ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಆಗ ನೆಂಟರು ಬಂದರೂ ಬಾಗಿಲಲ್ಲೇ ನೀರು ಕೊಟ್ಟು ಕಳಿಸುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಳ್ಳೆಯ ಕಟ್ಟುಪಾಡೇ. ಆದರೆ ಸೀತಪ್ಪನಹಳ್ಳಿಯ ಲಕ್ಷ್ಮಿದೇವಮ್ಮ ಅದನ್ನು ಬಳಸಿಕೊಂಡದ್ದು ಮೊಮ್ಮಗಳನ್ನು ಬಚ್ಚಿಡುವುದಕ್ಕೆ!

ಮೊಮ್ಮಗಳ ಹೆಸರು ತನುಜ. ಹನ್ನೊಂದು ವರ್ಷ, ಐದನೇ ತರಗತಿ. ಇವತ್ತು ಹೇಳಿಕೊಟ್ಟ ಅಕ್ಷರ ನಾಳೆಗೆ ನೆನಪಿರುತ್ತಿರಲಿಲ್ಲ. ಮಾತೂ ಕಡಿಮೆ. ಬೀದಿಯ ಮಕ್ಕಳು ‘ಪಿಚ್ಚಿ, ಪಿಚ್ಚಿ’, ಅಂದರೆ ಹುಚ್ಚಿ, ಎಂದು ಕೂಗುತ್ತಿದ್ದರು. ಹೋದ ವರ್ಷ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ತಾಯಿ ರೂಪಳ ಕೈ ತಪ್ಪಿ ಯಾವುದೋ ಬಸ್ಸು ಹತ್ತಿಬಿಟ್ಟಳು. “ಯಾವೂರಮ್ಮ?” ಎಂದು ಕಂಡಕ್ಟರ್ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಚಿಂತಾಮಣಿಯಲ್ಲಿ ಊರಿನವರೊಬ್ಬರ ಕಣ್ಣಿಗೆ ಬಿದ್ದದ್ದು ಪುಣ್ಯ. ಅಂದಿನಿಂದ ರೂಪಳಿಗೆ ಒಂದೇ ಸಂಕಟ. ಇನ್ನೊಂದು ಸಲ ತಪ್ಪಿಸಿಕೊಂಡರೆ ಗತಿ ಏನು? ನನ್ನ ಮಗಳಿಗೆ ತನ್ನ ಊರಿನ ಹೆಸರೂ ಹೇಳಲು ಬರುವುದಿಲ್ಲವಲ್ಲ!

ಶಾಲೆಯ ಹೆಡ್‌ಮಾಸ್ಟರ್ ವೆಂಕಟರಾಯಪ್ಪ ತಾಲ್ಲೂಕಿನ ವಿಶೇಷ ಶಿಕ್ಷಕಿ ಶಿರೀಷಾ ಅವರಿಗೆ ಸುದ್ದಿ ಮುಟ್ಟಿಸಿದರು. ಕಲಿಯಲು ಕಷ್ಟಪಡುವ ಮಕ್ಕಳಿಗೆ ಶಾಲೆಗೇ ಬಂದು ಕಲಿಸುವವರು ಅವರು. ಮನೆಯವರೊಡನೆ ಮಾತಾಡಲು ಒಂದು ದಿನ ತನುಜಳ ಮನೆಗೇ ಬಂದರು.

ಲಕ್ಷ್ಮಿದೇವಮ್ಮ ಬಾಗಿಲಿಗೆ ಅಡ್ಡ ನಿಂತರು. “ಹುಳ ನಾಲ್ಕನೇ ಜ್ವರಕ್ಕೆ ಕೂತವ್ವೆ ಮೇಡಮ್ಮ. ಇನ್ನೊಂದಿನ ಬನ್ನಿ.”

ಶಿರೀಷಾ ಬಾಗಿಲಿಂದಲೇ ಹಿಂದಿರುಗಿದರು. ವಾರ ಬಿಟ್ಟು ಬಂದರು. ಆಗಲೂ ನಾಲ್ಕನೇ ಜ್ವರ. ಮತ್ತೊಂದು ವಾರ ಬಿಟ್ಟು ಬಂದಾಗ ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ಕೂತು ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದರು. ಮುಂದೆ ಬಿಳಿ ಗೂಡಿನ ರಾಶಿ. ಆದರೂ ಅಭ್ಯಾಸಬಲ ನೋಡಿ, ಬಾಯಿಂದ ಅದೇ ಬಂತು: “ನಾಲ್ಕನೇ ಜ್ವರ ಮೇಡಮ್ಮ...”

“ಹುಳ ಗೂಡು ಕಟ್ಟಿ ಮುಗಿಸಿದ್ಮೇಲೆ ಜ್ವರ ಯಾರಿಗಜ್ಜಿ? ನಿಮಗಾ?” ಎಂದರು ಶಿರೀಷಾ. “ನಮ್ಮಮ್ಮನ ಮನೇಲೂ ಹುಳ ಸಾಕ್ತಾರೆ ಕಣಜ್ಜಿ.”

ಗೂಡು ತುಂಬಲು ಕುಕ್ಕೆ ಹಿಡಿದು ಬರುತ್ತಿದ್ದ ರೂಪಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅತ್ತೆ ದುರುಗುಟ್ಟಿ ನೋಡಿದರೂ ಅವಳು ಚಾಪೆ ಹಾಸಿದಳು.

ಅಲ್ಲೇ ಮೂಲೆಯಲ್ಲಿ ತನುಜ ಕೂತಿದ್ದಳು. ಮುಂದೆ ಮೂರು ಬುಟ್ಟಿ. ಚೊಕ್ಕ ಗೂಡು ಒಂದರಲ್ಲಿ, ಕಲೆ ಬಿದ್ದದ್ದು ಒಂದರಲ್ಲಿ, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಇನ್ನೊಂದರಲ್ಲಿ. ಶಿರೀಷಾ ಹತ್ತಿರ ಹೋಗಿ ಕೂತರು. ಬುಟ್ಟಿಗಳಲ್ಲಿ ಕೈಯಾಡಿಸಿದರು. ಒಂದೂ ತಪ್ಪಿರಲಿಲ್ಲ.

“ಇದನ್ನ ಯಾರು ಕಲಿಸಿದ್ದು?”

“ನಾನೇ. ಒಂದು ವರ್ಷ ಹಿಡೀತು. ಏನು ಮಾಡೋದು, ದಿನಾ ತೋರಿಸ್ದೆ” ಎಂದರು ಲಕ್ಷ್ಮಿದೇವಮ್ಮ, ತಾವು ಮುನಿಸಿಕೊಂಡಿರುವುದನ್ನು ಮರೆತು.

“ಹಂಗಾದ್ರೆ ಅರ್ಧ ಕೆಲಸ ನೀವೇ ಮಾಡಿದ್ದೀರ. ಇದೇ ಥರ ಪಾಠಾನೂ ಕಲಿಸಬಹುದು. ಅದಕ್ಕೆ ಮೊದಲು ಡಾಕ್ಟರಿಗೆ ತೋರಿಸಿ, ಏನು ಅಂತ ಬರೆಸ್ಬೇಕು. ಅಂಗವಿಕಲರ ಕಾರ್ಡ್ ಮಾಡಿಸ್ಬೇಕು.”

ಅಷ್ಟು ಕೇಳಿದ್ದೇ ರೂಪ ತಿರುಗಿಬಿದ್ದಳು. “ಊರೋರು ಇಟ್ಟಿರೋ ಹೆಸರೇ ಸಾಲ್ದಾ ಮೇಡಂ? ನೀವೂ ಒಂದು ಹೆಸರಿಡ್ಬೇಕಾ?”

“ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?” ಲಕ್ಷ್ಮಿದೇವಮ್ಮ ದನಿಗೂಡಿಸಿದರು.

ಶಿರೀಷಾ ರೂಪಳ ಕೈ ಹಿಡಿದುಕೊಂಡರು. “ರೂಪಕ್ಕ, ಊರೋರು ಇಟ್ಟ ಹೆಸರಿಂದ ತನುಜಂಗೆ ಅಳು ಬಿಟ್ರೆ ಇನ್ನೇನು ಸಿಕ್ತು ಹೇಳಿ? ಡಾಕ್ಟರು ಬರೆದ್ರೆ ಅವಳಿಗೆ ಹೆಂಗೆ ಕಲಿಸ್ಬೇಕು ಅಂತ ನಮಗೆ ಗೊತ್ತಾಗುತ್ತೆ. ಏನು ಸವಲತ್ತಿದ್ಯೋ ಅದನ್ನ ಕೇಳಿ ಪಡೀಬಹುದು. ಅವಳ ಹೆಸರು ತನುಜಾನೇ ಕಣಕ್ಕ. ಅದನ್ನ ಯಾರೂ ತಗೊಳ್ಳಲ್ಲ.”

ರೂಪ ಆ ರಾತ್ರಿ ಗಂಡ ನರಸಿಂಹಮೂರ್ತಿಗೆ ಹೇಳಿದಳು. ಅಮ್ಮನ ಎದುರು ಉಸಿರೆತ್ತದವನು ಅವನು. “ಹೋಗಣ” ಎಂದ. ಒಂದೇ ಮಾತು, ಆದರೆ ಅವಳಿಗೆ ಅಷ್ಟು ಸಾಕಾಯಿತು. ಮಗನೇ ಒಪ್ಪಿದ್ದು ನೋಡಿ ಲಕ್ಷ್ಮಿದೇವಮ್ಮನೂ ಜೊತೆಗೆ ಹೊರಟರು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎರಡು ಸಲ ಕರೆಸಿ, ತನುಜಳೊಡನೆ ಆಡಿ, ಮಾತಾಡಿಸಿ, ಪರೀಕ್ಷೆ ಮಾಡಿದರು. ‘ಬೌದ್ಧಿಕ ಅಂಗವೈಕಲ್ಯ’ ಎಂದು ಬರೆದರು. “ಇದು ಔಷಧಿಗೆ ಹೋಗೋದಲ್ಲಮ್ಮ. ನಿಧಾನವಾಗಿ ಕಲೀತಾಳೆ, ಆದ್ರೆ ಕಲೀತಾಳೆ” ಎಂದರು.

ರೂಪ ಏಳಲಿಲ್ಲ. ಹನ್ನೊಂದು ವರ್ಷದಿಂದ ಮನಸ್ಸನ್ನು ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟಳು. “ಬಸುರಿಲಿ ಗ್ರಹಣದ ದಿನ ನಾನು ಈಳಿಗೆಮಣೇಲಿ ತರಕಾರಿ ಹೆಚ್ಚಿದ್ದೆ ಮೇಡಂ. ಅದಕ್ಕೇ ಹಿಂಗಾಯ್ತಾ?”

“ಖಂಡಿತ ಇಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ನಿಮ್ಮ ತಪ್ಪಲ್ಲಮ್ಮ.”

ಪಕ್ಕದಲ್ಲೇ ಲಕ್ಷ್ಮಿದೇವಮ್ಮ ಕೂತಿದ್ದರು. ಆ ಮಾತನ್ನು ಹನ್ನೊಂದು ವರ್ಷ ಎತ್ತಿ ಎತ್ತಿ ಆಡಿದವರು ಅವರೇ. ತಲೆ ತಗ್ಗಿಸಿ ಸೆರಗಿನ ತುದಿ ಹಿಂಡುತ್ತಿದ್ದರು. ರೂಪ ಮಾತ್ರ ಅಲ್ಲೇ ಅತ್ತಳು. ಎಷ್ಟೋ ವರ್ಷಗಳ ಭಾರ ಇಳಿದ ಅಳು ಅದು. ಡಾಕ್ಟರಮ್ಮನಿಗೆ ಕೈ ಮುಗಿದಳು.

ಆಮೇಲೆ ಶಾಲೆಯಲ್ಲಿ ಸಭೆ. ವೆಂಕಟರಾಯಪ್ಪ ಮೇಷ್ಟ್ರು, ಶಿರೀಷಾ, ರೂಪ ಮತ್ತು ಅತ್ತೆ. ಮೇಜಿನ ಮೇಲೆ ತನುಜಳಿಗೆಂದೇ ಮಾಡಿದ ಕಲಿಕೆಯ ಯೋಜನೆಯ ಹಾಳೆಗಳು. ರೂಪ ಗಾಬರಿಯಲ್ಲಿ ಪೆನ್ನು ತೆಗೆದುಕೊಂಡು, “ಎಲ್ಲಿ ಸೈನ್ ಹಾಕ್ಬೇಕು?” ಎಂದಳು.

“ಅಯ್ಯೋ, ನಿಲ್ಲಿ ರೂಪಕ್ಕ!” ಎಂದರು ಶಿರೀಷಾ. “ಮಾರ್ಕೆಟ್ಟಲ್ಲಿ ಗೂಡನ್ನ ಮುಟ್ಟಿ ನೋಡ್ದೆ ಯಾರಾದ್ರೂ ಕೊಳ್ತಾರಾ? ಓದಿಸ್ಕೊಳ್ಳಿ. ಅರ್ಥ ಆಗದಿದ್ರೆ ಹತ್ತು ಸಲ ಕೇಳಿ. ನಿಮ್ಮದೂ ಒಂದು ಪ್ರತಿ ಇಟ್ಕೊಳ್ಳಿ.”

ಮೇಷ್ಟ್ರು ಓದುತ್ತಾ ಹೋದರು. “ಒಂದು ಕಡೆ ಕೂರುವುದಿಲ್ಲ, ಯಾವುದನ್ನೂ ಗಮನಿಸುವುದಿಲ್ಲ...”

“ಅದು ಸುಳ್ಳು ಮೇಷ್ಟ್ರೇ!”

ಎಲ್ಲರೂ ತಿರುಗಿ ನೋಡಿದರು. ಹೇಳಿದ್ದು ಲಕ್ಷ್ಮಿದೇವಮ್ಮ. “ನಮ್ಮ ಹುಡುಗಿ ಗೂಡಿನ ಮುಂದೆ ಎರಡು ಗಂಟೆ ಕೂತ್ಕೋತಾಳೆ. ನನ್ನ ಕಣ್ಣಿಗೆ ಬೀಳದ ಕಲೆ ಅವಳ ಕಣ್ಣಿಗೆ ಬೀಳುತ್ತೆ. ಅದನ್ನೂ ಬರ್ಕೊಳ್ಳಿ.”

ಮೇಷ್ಟ್ರು ನಕ್ಕು, ಆ ಸಾಲು ಹೊಡೆದು, ಅಜ್ಜಿ ಹೇಳಿದಂತೆಯೇ ಬರೆದರು. ಮೊದಲ ಮೂರು ತಿಂಗಳಿಗೆ ಏನು ಕಲಿಸೋಣ ಎಂದು ಕೇಳಿದಾಗ ರೂಪ ಯೋಚಿಸಲೇ ಇಲ್ಲ. “ಅವಳ ಹೆಸರು, ಊರಿನ ಹೆಸರು ಹೇಳಕ್ಕೆ ಬಂದ್ರೆ ಸಾಕು.” ಜೊತೆಗೆ ಗೂಡು ಇಟ್ಟುಕೊಂಡು ಎಣಿಸುವುದನ್ನೂ ಸೇರಿಸಿದರು. ಎಲ್ಲ ಅರ್ಥವಾದ ಮೇಲೆಯೇ ರೂಪ ಸಹಿ ಹಾಕಿದಳು.

ಮೂರು ತಿಂಗಳು ಎಂದದ್ದು ಐದಾಯಿತು. ದಿನಾ ಶಾಲೆಯಲ್ಲಿ ಅದೇ ಪಾಠ, ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಅದೇ ಪಾಠ. ಕೆಲವು ದಿನ ಬಂದದ್ದೆಲ್ಲ ಮರೆತುಹೋಗುತ್ತಿತ್ತು. ರೂಪ ಸೋತಾಗ ಅತ್ತೆಯೇ, “ಗೂಡಿಗೆ ಒಂದು ವರ್ಷ ಹಿಡೀಲಿಲ್ವಾ? ಸುಮ್ಕಿರೇ” ಎನ್ನುತ್ತಿದ್ದರು.

ಮೊನ್ನೆ ಕಾರ್ಡು ಕೈಗೆ ಬಂತು. ಶಿಡ್ಲಘಟ್ಟದಿಂದ ಅಜ್ಜಿ, ತಾಯಿ, ಮಗಳು ಮೂವರೂ ಬಸ್ಸಿನಲ್ಲಿ ವಾಪಸಾಗುತ್ತಿದ್ದರು. ಕಂಡಕ್ಟರ್ ಬಂದು, “ಎಲ್ಲಿಗಮ್ಮ?” ಎಂದ. ರೂಪ ಬಾಯಿ ತೆರೆಯುವಷ್ಟರಲ್ಲಿ ತನುಜ ಅಮ್ಮನ ಮೊಣಕೈ ಒತ್ತಿದಳು. ಅಮ್ಮನನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಬೆರಳು ಮಡಿಸಿದಳು. ಕಂಡಕ್ಟರ್ ಪುಣ್ಯಾತ್ಮ, ಕಾದ.

“ಮೂರು... ಸೀತಪ್ಪನಹಳ್ಳಿ.”

ಅವನು ಮೂರು ಚೀಟಿ ಹರಿದು ತನುಜಳ ಕೈಗೇ ಕೊಟ್ಟು ಮುಂದೆ ಹೋದ. ಅವನಿಗೆ ಅದು ದಿನಾ ಮಾಡುವ ಕೆಲಸ. ಇಲ್ಲಿ ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡು ಅಳುತ್ತಿದ್ದರು. ರೂಪ ಮನಸ್ಸಿನಲ್ಲೇ ಶಿರೀಷಾಗೆ, ಮೇಷ್ಟ್ರಿಗೆ, ಡಾಕ್ಟರಮ್ಮನಿಗೆ, ಪಕ್ಕದಲ್ಲಿ ಅಳುತ್ತಿದ್ದ ಅತ್ತೆಗೂ ಕೈ ಮುಗಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ತನುಜ ಇರಬಹುದು. ನೆಪ ಹೇಳಿ ಬಾಗಿಲು ಹಾಕಬೇಡಿ. ಶಾಲೆಯ ಮೇಷ್ಟ್ರನ್ನು ಕೇಳಿ, ತಾಲ್ಲೂಕಿನ ವಿಶೇಷ ಶಿಕ್ಷಕರು ಯಾರೆಂದು ಹೇಳುತ್ತಾರೆ. ಕಾರ್ಡಿನ ವಿಚಾರವನ್ನು ಪಂಚಾಯಿತಿಯಲ್ಲಿ ವಿಚಾರಿಸಿ. ಸಭೆಗೆ ಕರೆದರೆ ತಪ್ಪದೆ ಹೋಗಿ, ಅಜ್ಜಿ ತಾತನನ್ನೂ ಕರೆದುಕೊಂಡು ಹೋಗಿ. ಮಗುವಿಗೆ ಏನು ಬರುವುದಿಲ್ಲ ಎನ್ನುವುದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಏನು ಬರುತ್ತದೆ ಎಂದು ನೀವು ಹೇಳಿ. ಅದನ್ನು ಬರೆಸಿದ ಮೇಲೆಯೇ ಸಹಿ ಹಾಕಿ.