ಸಲಾಮು ಬಂದ್

ಇಮಾಮಬಿ ಖಾಲಾ ಅಸರ್ ನಮಾಜು ಮುಗಿಸಿ ಬಾಗಿಲಲ್ಲಿ ಕೂತರೆಂದರೆ ನಮ್ಮ ಚಾಳಿನ ಎರಡನೆಯ ಮಾಳಿಗೆಗೆ ಸಂಜೆಯಾಯಿತೆಂದು ಅರ್ಥ. ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು, ಆಪರೇಶನ್ ಎಂದರೆ ಹೆದರಿಕೆ. ಆದರೆ ವಿಕ್ರೋಳಿ ಸ್ಟೇಶನ್ನಿನಿಂದ ಯಾರು ಬಂದರು, ಮಾರ್ಕೆಟ್ಟಿಗೆ ಯಾರು ಹೊರಟರು, ಎಲ್ಲವೂ ಹೆಜ್ಜೆ ಸಪ್ಪಳದಿಂದಲೇ ಗೊತ್ತು. "ಅಸ್ಸಲಾಮು ಅಲೈಕುಂ ಟೀಚರ್, ಇವತ್ತ ಲೋಕಲ್ ತಡ ಆತೇನು?" ಎನ್ನುವರು. ನಾನು "ವ ಅಲೈಕುಂ ಸಲಾಂ ಖಾಲಾ" ಎಂದು ಬಗ್ಗಿ ತಲೆ ಸವರಿಸಿಕೊಂಡ ಮೇಲೆಯೇ ನನ್ನ ಮನೆಯ ಬೀಗ ತೆಗೆಯುತ್ತಿದ್ದೆ.

ನಾನು ಚಾಂದಬಿ, ದಾದರ್ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ನಮ್ಮ ಮಾಳಿಗೆಯ ಹನ್ನೊಂದು ಮನೆಯವರೂ ವಿಜಯಪುರ ಜಿಲ್ಲೆಯಿಂದ ಬಂದ ಒಂದೇ ಜಮಾತಿನವರು. ನಾವೆಲ್ಲ ಚಿಕ್ಕಮ್ಮ ಎಂಬರ್ಥದಲ್ಲಿ ಖಾಲಾ ಎನ್ನುವ ಇಮಾಮಬಿಯ ಹಿರಿಯ ಮಗ ಮಕ್ತುಂಸಾಬ ಆ ಜಮಾತಿನ ಮುಖಂಡ. ಕಿರಿಯವನು ಬಂದೇನವಾಜ, ಕಂಪನಿಯಲ್ಲಿ ಫಿಟ್ಟರ್. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಖಾಲಾ ಇದ್ದದ್ದು ಕಿರಿಯವನ ಮನೆಯಲ್ಲಿ.

ಜಗಳ ಹುಟ್ಟಿದ್ದು ಒಂದು ಶಬ್ದದಿಂದ. ಆಮೀನ್, ನಮಾಜಿನಲ್ಲಿ ಪ್ರಾರ್ಥನೆಯ ಮಾತು ಮುಗಿದಾಗ 'ಹಾಗೇ ಆಗಲಿ' ಎಂದು ಹೇಳುವ ಶಬ್ದ. ಕೆಳಗಿನ ನಮಾಜು ಖೋಲಿಯಲ್ಲಿ ನಮ್ಮ ಗಂಡಸರು ಅದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಾರೆ. ಬಂದೇನವಾಜ ಕಂಪನಿ ಹತ್ತಿರದ ಮಸೀದಿಯಲ್ಲಿ ರತ್ನಾಗಿರಿ ಕಡೆಯವರ ಜೊತೆ ಏಳು ವರ್ಷ ಶುಕ್ರವಾರದ ಜುಮ್ಮಾ ನಮಾಜು ಮಾಡಿದವನು, ಅವರು ಗಟ್ಟಿಯಾಗಿ ಹೇಳುತ್ತಾರೆ. ಒಂದು ದಿನ ಸಂಜೆಯ ಮಗ್ರಿಬ್ ನಮಾಜಿನಲ್ಲಿ ಇವನೂ ಗಟ್ಟಿಯಾಗಿ ಅಂದ. "ನಮ್ಮಪ್ಪ ಸಣ್ಣಗ ಹೇಳ್ತಿದ್ದ, ಇಲ್ಲಿ ಹಂಗs ನಡೀಬೇಕು" ಎಂದು ಅಣ್ಣ ಗದರಿದ. ತಮ್ಮನೇನು ಸಾಚಾ ಅಲ್ಲ. "ನಿಮ್ಮದು ಬಾಯಿ ಸತ್ತ ನಮಾಜು" ಎಂದುಬಿಟ್ಟ. ಅದೇ ವಾರ ಜಮಾತು ಕೂಡಿ ಬಂದೇನವಾಜನ ಮನೆಗೆ ಸಲಾಮು ಬಂದ್ ಮಾಡಿತು. ಅಂದರೆ ಆ ಮನೆಯವರಿಗೆ ಯಾರೂ ಸಲಾಂ ಹೇಳಬಾರದು, ಅವರು ಹೇಳಿದರೆ ಜವಾಬು ಕೊಡಬಾರದು. ಪಾತ್ರೆ ಪಡಗದ ಜೊತೆ ಊರಿನಿಂದ ಈ ಹಾಳು ಪದ್ಧತಿಯನ್ನೂ ಗಂಟು ಕಟ್ಟಿಕೊಂಡು ಬಂದಿದ್ದೇವೆ.

"ಖಾಲಾಗೂ ಸಲಾಮು ಬಂದ್ ಏನು?" ಎಂದು ನಾನು ಕೇಳಿದೆ.

"ಆ ಮನಿ ಅನ್ನ ಉಣ್ಣೂವರಿಗೆಲ್ಲ" ಎಂದ ಮಕ್ತುಂಸಾಬ. "ಅಮ್ಮ ನಮ್ಮ ಮನಿಗೆ ಬರಲಿ, ನಾ ಬ್ಯಾಡ ಅಂದಿಲ್ಲ."

ಖಾಲಾ ಹೋಗಲಿಲ್ಲ. ಒಬ್ಬ ಮಗನನ್ನು ಬಿಟ್ಟು ಇನ್ನೊಬ್ಬನ ಕಡೆ ಹೋದರೆ ತಾನು ಎಂಥ ತಾಯಿ ಎಂದರು. ಇದೆಲ್ಲ ನಾಲ್ಕು ದಿನದ ಹುಡುಗಾಟ ಎಂದುಕೊಂಡು ಎಂದಿನಂತೆ ಬಾಗಿಲಲ್ಲಿ ಕೂತು, ಹೋಗುವವರಿಗೆ ಬರುವವರಿಗೆ ಸಲಾಂ ಹೇಳಿದರು. ನಾವು ಬಾಯಿ ಮುಚ್ಚಿಕೊಂಡು ದಾಟಿದೆವು. ಹೆಸರು ಹಿಡಿದು ಕೂಗುವ ಮುದುಕಿಯ ಮುಂದೆ ಸುಮ್ಮನೆ ದಾಟುವುದು ಸುಲಭವಲ್ಲ. ಅದಕ್ಕೇ ನಾನೊಂದು ದಿನ ಮೆಟ್ಟಿಲ ಹತ್ತಿರ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದೆ. ಈ ಉಪಾಯ ಮೊದಲು ಮಾಡಿದವಳು ನಾನೇ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಮುಚ್ಚಿಟ್ಟು ಬೇರೆಯವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಹದಿನೈದು ದಿನದಲ್ಲಿ ಇಡೀ ಮಾಳಿಗೆಯೇ ಚಪ್ಪಲಿ ಕೈಯಲ್ಲಿ ಹಿಡಿಯಿತು. ಕುಕ್ಕರಿನ ಸೀಟಿ, ಟಿವಿ, ಮಕ್ಕಳ ಗಲಾಟೆ ಎಲ್ಲ ಮನೆಯೊಳಗೆ. ಗ್ಯಾಲರಿಯಲ್ಲಿ ಮಾತ್ರ ಜನ ಗೋಡೆಗೆ ಮೈಯೊತ್ತಿ ಉಸಿರು ಬಿಗಿಹಿಡಿದು ಸರಿಯುವರು. ಎದುರು ಸಿಕ್ಕವರು ಕಣ್ಣಲ್ಲೇ ಮಾತಾಡುವರು. ಹಾಡುಹಗಲಲ್ಲೇ ನಮ್ಮ ಗ್ಯಾಲರಿಗೆ ಬರಲು ನನಗೆ ಭಯವಾಗತೊಡಗಿತು.

ಖಾಲಾ ಕತ್ತು ತಿರುಗಿಸಿ ತಿರುಗಿಸಿ ಆಲಿಸುವರು. ಒಂದು ಸಂಜೆ ನಾನು ದಾಟುವಾಗ ಅವರು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು: "ಉಸಿರು ಕೇಳಸ್ತದ. ಅತ್ತರಿನ ವಾಸನಿ ಬರ್ತದ. ಕಾಲಿನ ಸಪ್ಪಳ ಇಲ್ಲ." ನಾನು ನಿಲ್ಲಲಿಲ್ಲ, ಹೋಗಿ ಬಾಗಿಲು ಹಾಕಿಕೊಂಡೆ.

ಹೀಗೇ ಏಳು ತಿಂಗಳು ಕಳೆಯಿತು. ಎಂಟನೆಯ ತಿಂಗಳಲ್ಲಿ ಖಾಲಾ ಊಟ ಬಿಟ್ಟರು. ಬಂದೇನವಾಜನ ಹೆಂಡತಿ ರಜ್ಮಾ ನೀರು ತುಂಬುವ ಹೊತ್ತಿನಲ್ಲಿ ನನ್ನ ಪಕ್ಕ ನಿಂತು, ನನ್ನ ಮುಖ ನೋಡದೆ, ನಲ್ಲಿಗೆ ಹೇಳುವವಳಂತೆ ಹೇಳಿದಳು: "ತಾವು ಸತ್ತು ಹೋಗ್ಯಾರಂತ. ಸಲಾಂ ಹೇಳಿದರ ಯಾರಿಗೂ ಕೇಳಸೂದಿಲ್ಲಂತ. ನಾವು ಮಾತಾಡಿಸಿದರ, ಪಾಪ ನನ್ನ ನೆನಸಿ ಅಳಾಕತ್ತಾರ ಅಂತಾರ. ಸತ್ತವರಿಗೆ ಅನ್ನ ಯಾಕ ಅಂತ ತಾಟು ದೂಡ್ತಾರ." ಡಾಕ್ಟರು ಬಂದು ನಾಡಿ ನೋಡಿ, ರೋಗ ಏನೂ ಇಲ್ಲ, ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದಿದ್ದರಂತೆ.

ಕೊಡ ಅಲ್ಲೇ ಬಿಟ್ಟು ಮಕ್ತುಂಸಾಬನ ಮನೆಗೆ ಹೋದೆ.

"ಭಾಯಿ, ನಿಮ್ಮಮ್ಮ ಸಾಯಾಕತ್ತಾರ. ಇದನ್ನ ಬಿಡ್ರಿ."

"ಇವತ್ತ ಆಮೀನ್ ಬಿಟ್ಟರ ನಾಳೆ ಇನ್ನೊಂದು ತರ್ತಾನ ಟೀಚರ್. ಜಮಾತ್ ಒಡೀತದ."

"ಒಡದು ಎಂಟು ತಿಂಗಳಾತು. ಆಮೀನ್ ಸಣ್ಣಗ ಹೇಳೂದಕ್ಕೂ ಜೋರ ಹೇಳೂದಕ್ಕೂ ದೊಡ್ಡ ದೊಡ್ಡ ಆಲಿಮರ ಒಪ್ಪಿಗಿ ಅದ. ಅವರು ತಮ್ಮತಮ್ಮೊಳಗ ವಾದ ಮಾಡಿದರು, ಒಬ್ಬರ ಹಿಂದ ಒಬ್ಬರು ನಮಾಜೂ ಮಾಡಿದರು. ಸಲಾಮಿಗೆ ಜವಾಬು ಕೊಡಬ್ಯಾಡ ಅಂತ ಯಾರು ಹೇಳ್ಯಾರ? ಅದು ವಾಜಿಬ್, ಕೊಡಲೇಬೇಕು. ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದು ಅಂತ ಪೈಗಂಬರರ ಹದೀಸ್ ಅದ, ನಿಮಗ ಗೊತ್ತದ."

"ಮೊದಲ ಅವ ಮಾಫಿ ಕೇಳಲಿ."

"ಅವನ ಮಾತೂ ತಪ್ಪು. ಆದರ ಮಾಫಿ ಕೇಳಾಕ ಬಂದರ ಬಾಗಿಲು ತಗೀತೀರೇನು? ಅವನ ಸಲಾಮಿಗೇ ಜವಾಬಿಲ್ಲ."

ಅಷ್ಟರಲ್ಲಿ ಗೋಡೆಯಾಚೆಯಿಂದ ಸಣ್ಣ ದನಿ ಬಂತು. ಅಸ್ಸಲಾಮು ಅಲೈಕುಂ. ಯಾರಿಗೆ ಹೇಳಿದರೋ ತಿಳಿಯದು. ಮಕ್ತುಂಸಾಬನ ಮುಖ ಬಿಳಿಚಿತು. ಅವನು ಎದ್ದು ಹೋಗಿ ಫ್ಯಾನು ಜೋರು ಮಾಡಿದ.

ನನಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಮೆಟ್ಟಿಕೊಂಡು ಪಟಪಟ ಸದ್ದು ಮಾಡುತ್ತ ಪಕ್ಕದ ಬಾಗಿಲಿಗೆ ಹೋದೆ. ಖಾಲಾ ಬಿಳಿ ಚಾದರ ಹೊದ್ದು, ಸತ್ತವರನ್ನು ಮಲಗಿಸುವ ಹಾಗೆ ಕಿಬ್ಲಾ ಕಡೆ ಮುಖ ಮಾಡಿ ಮಲಗಿದ್ದರು.

"ವ ಅಲೈಕುಂ ಸಲಾಂ, ಖಾಲಾ" ಎಂದೆ, ಇಡೀ ಮಾಳಿಗೆಗೆ ಕೇಳುವಂತೆ. ಒಂದೊಂದಾಗಿ ಬಾಗಿಲುಗಳು ತೆರೆದುಕೊಂಡವು.

ಖಾಲಾ ನಿಧಾನವಾಗಿ ನನ್ನ ಕಡೆ ಹೊರಳಿದರು. ಆ ಮುಖದಲ್ಲಿ ಸಂತೋಷವಿರಲಿಲ್ಲ, ಕನಿಕರವಿತ್ತು.

"ಟೀಚರ್? ಅಯ್ಯ ನನ್ನವ್ವಾ, ನೀನೂ ಸತ್ತಿಯೇನು? ಯಾವಾಗ? ನನಗ ಯಾರೂ ಹೇಳಲಿಲ್ಲಲ್ಲ."

 ಹಿಂದೆ ಮಕ್ತುಂಸಾಬ ಬಂದು ನಿಂತದ್ದು ಆಮೇಲೆಯೇ ಗೊತ್ತಾದದ್ದು. ಅವನು ಮೊಣಕಾಲೂರಿ ತಾಯಿಯ ಕೈ ಹಿಡಿದುಕೊಂಡ. "ಅಸ್ಸಲಾಮು ಅಲೈಕುಂ ಅಮ್ಮಾ. ನಾನು, ಮಕ್ತುಂ."

ಖಾಲಾ ಅವನ ಹಣೆ, ಗಡ್ಡ, ಒದ್ದೆಯಾದ ಕೆನ್ನೆ ಎಲ್ಲ ತಡವಿ ನೋಡಿದರು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡರು.

"ನೀ ಅವನಲ್ಲ. ನನ್ನ ಮಕ್ತುಂ ಬದುಕ್ಯಾನ. ಬದುಕಿರೂತನಕ ಅವ ನನಗ ಸಲಾಂ ಹೇಳೂದಿಲ್ಲ."

ನಾವು ಎಷ್ಟು ಹೇಳಿದರೂ ನಂಬಲಿಲ್ಲ. ನಾಲ್ಕನೆಯ ದಿನ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಸಂಜೆ ನಮಾಜು ಖೋಲಿಯಲ್ಲಿ ಅಣ್ಣತಮ್ಮ ಭುಜಕ್ಕೆ ಭುಜ ತಾಗಿಸಿ ನಿಂತರಂತೆ. ಒಬ್ಬ ಗಟ್ಟಿಯಾಗಿ ಆಮೀನ್ ಅಂದ, ಇನ್ನೊಬ್ಬ ತುಟಿಯಲ್ಲೇ ಅಂದ. ಯಾರ ನಮಾಜೂ ಕೆಡಲಿಲ್ಲ. ಎಂಟು ತಿಂಗಳ ಹಿಂದೆ ಆಗಬೇಕಾಗಿದ್ದದ್ದು ಇಷ್ಟೇ.

ನಿಮ್ಮ ಮಾಳಿಗೆಯಲ್ಲೂ ಯಾರದಾದರೂ ಸಲಾಮು ಬಂದ್ ಆಗಿರಬಹುದು. ಹಾಗಿದ್ದರೆ ಈ ಪುಟ ಮುಚ್ಚಿಟ್ಟು ಏಳಿ, ಅವರ ಬಾಗಿಲಿಗೆ ಹೋಗಿ ಜವಾಬು ಕೊಟ್ಟು ಬನ್ನಿ.